ತಲಪಾಡಿ ದಾಟಿದ ಬಂಗುಡೆ

ಮಳೆ ಹಿಡಿದರೆ ಸಾಕು, ನಮ್ಮ ಕಾಸರಗೋಡಿನ ಬೇಕಲಕ್ಕೆ ಬೆಂಗಳೂರಿನ ಕಾರುಗಳು ಬರುತ್ತವೆ. ಕೆಳದಿಯ ಶಿವಪ್ಪ ನಾಯಕ ಇಲ್ಲಿ ಕೋಟೆ ಕಟ್ಟಿಸಿದ್ದು ಕಡಲಿನಿಂದ ಬರುವವರನ್ನು ತಡೆಯಲು. ಘಟ್ಟ ಇಳಿದು ಬರುವವರ ಬಗ್ಗೆ ಅವನು ಯೋಚಿಸಲಿಲ್ಲ. ಯೋಚಿಸುವುದಾದರೂ ಹೇಗೆ, ಅವನೂ ಘಟ್ಟ ಇಳಿದೇ ಬಂದವನು.

ಈ ಸಲ ನಮ್ಮ ಭಾವನೂ ಇಳಿದ. ಅವನಿಗೆ ಬೇಕಾದ್ದು ಎರಡೇ: ಕಡಲು ಕಾಣುವ ರೂಮು, ಈಗಷ್ಟೇ ಹಿಡಿದ ಅಂಜಲ್ ಮೀನು.

"ಟ್ರಾಲಿಂಗ್ ನಿಷೇಧ ಭಾವ, ಬೋಟುಗಳೆಲ್ಲ ದಡದಲ್ಲಿವೆ" ಅಂದೆ.

"ಅದು ಮೀನುಗಾರರಿಗೆ ತಾನೇ? ನಾನು ಟೂರಿಸ್ಟು."

ನಿಷೇಧದ್ದೇ ಒಂದು ಕಥೆ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತು, ಯಂತ್ರದ ಬೋಟು ಬಲೆ ಎಳೆಯುವಂತಿಲ್ಲ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ಅಂದರೆ ಜೂನ್ ಮೊದಲ ವಾರ ಉಳ್ಳಾಲದ ಬಂಗುಡೆ ನೆಮ್ಮದಿಯಾಗಿ ಮೊಟ್ಟೆ ಇಡಬಹುದು. ಗಡಿಯ ತಲಪಾಡಿ ದಾಟಿ ಕೇರಳದ ಮಂಜೇಶ್ವರಕ್ಕೆ ಬಂತೋ, ಬಲೆಗೆ. ಮೀನಿನ ಬಾಣಂತನಕ್ಕೂ ರಾಜ್ಯದ ಗಡಿ! 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸುವಾಗ ನಮ್ಮನ್ನೇ ಕೇಳಲಿಲ್ಲ, ಇನ್ನು ಬಂಗುಡೆಯನ್ನು ಕೇಳುತ್ತಾರಾ? ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಬರೆಯಿತು. ಅದು ಜಾರಿಯಾಗಿದ್ದರೆ ಕುಂಬಳೆಯ ಬಂಗುಡೆಗೆ ಒಂಬತ್ತು ದಿನ ಆಯುಸ್ಸು ಜಾಸ್ತಿ. ಇಷ್ಟು ವರ್ಷದ ಮನವಿ ಪತ್ರಗಳಲ್ಲಿ ಈ ಪಾಯಿಂಟು ಯಾರಿಗೂ ಹೊಳೆದಿಲ್ಲ ನೋಡಿ.

ನಾಡದೋಣಿಗೆ ನಿಷೇಧವಿಲ್ಲ, ನಿಜ. ಆದರೆ ಈ ಕಡಲಿಗೆ ದೋಣಿ ಇಳಿಸುವವನ ಹೆಂಡತಿಯನ್ನು ಒಮ್ಮೆ ಮಾತಾಡಿಸಿ.

ರೆಸಾರ್ಟಿನಲ್ಲೂ ಒಂದು ದೋಣಿ ಇತ್ತು. ಹುಲ್ಲಿನ ಮೇಲೆ. ನೀಲಿ ಬಣ್ಣ, ಒಳಗೆ ಮಣ್ಣು ತುಂಬಿ ಹೂವಿನ ಗಿಡ. ಭಾವ ಲುಂಗಿ ಎತ್ತಿ ಕಟ್ಟಿ, ಬಲೆ ಬೀಸುವ ಪೋಸು ಕೊಟ್ಟು ಹದಿನಾರು ಫೋಟೋ ತೆಗೆಸಿದ. ಮೀನು ಮಾರ್ಕೆಟ್ಟಿಗೆ ಕರಕೊಂಡು ಹೋದರೆ ಮೂಗಿಗೆ ಕರ್ಚೀಫು. ರಾತ್ರಿ ತಟ್ಟೆಗೆ ಅಂಜಲ್ ಬಂತು. ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ ಏನೋ. "ಇದಪ್ಪಾ ಫ್ರೆಶ್ ಅಂದ್ರೆ" ಎಂದು ಬೆರಳು ನೆಕ್ಕಿದ. ನಾನು ಸುಮ್ಮನಿದ್ದೆ. ತಂಗಿಯ ಗಂಡ, ಅಲ್ವಾ.

ಆದರೆ ರೂಮಿನಿಂದ ಕಡಲು ಕಾಣಲಿಲ್ಲ, ತೆಂಗಿನ ಮರಗಳು ಅಡ್ಡ. ದುಡ್ಡು ವಾಪಸ್ ಕೊಡಿ ಎಂದು ಬೆಳಿಗ್ಗೆಯೇ ಗಲಾಟೆ.

ಉಪ್ಪಳದ ಮುಸೋಡಿಗೆ ಬಾ ಭಾವ, ಅಂದೆ. ಅಲ್ಲಿ ಕಡಲು ನೋಡಲು ಕಿಟಕಿಯೇ ಬೇಡ. ಅದೇ ಅಂಗಳಕ್ಕೆ ಬರುತ್ತದೆ. ತೆಂಗಿನ ಮರಗಳ ಅಡ್ಡಿಯೂ ಇಲ್ಲ, ಅವನ್ನು ಮೊದಲೇ ಒಯ್ದಿರುತ್ತದೆ. ಆಮೇಲೆ ರಸ್ತೆ, ಆಮೇಲೆ ಗೋಡೆ. ಕಲ್ಲು ತಂದು ಸುರಿಯುತ್ತಾರೆ, ಕಡಲು ಎಳೆದುಕೊಳ್ಳುತ್ತದೆ, ಬರುವ ವರ್ಷ ಮತ್ತೆ ಕಲ್ಲು. ನೋಡಿ ನೋಡಿ ಸಾಕಾಗಿದೆ ಮಾರಾಯ್ರೆ. ಕಡಲ ತೀರದ ಚಂದ ತೋರಿಸುವ ಬೋರ್ಡಿಗೆ ದುಡ್ಡಿದೆ. ಆ ಚಂದದಲ್ಲಿ ಬದುಕುವವರು ಪ್ರತಿ ಮಳೆಗಾಲ ಪಾತ್ರೆ ಪಗಡಿ ಕಟ್ಟಿಕೊಂಡು ನೆಂಟರ ಮನೆ ಹುಡುಕಬೇಕು.

ಭಾವ ಗಂಭೀರನಾದ. ಸ್ವಲ್ಪ ಹೊತ್ತು ಯೋಚಿಸಿದ.

"ಅಲ್ಲಿ ದಿನಕ್ಕೆ ಎಷ್ಟು ತಗೋತಾರೆ?"