ಮೈನರ್ ಆಸಾಮಿ

ಡಿಗ್ರಿ ಮೂರನೇ ವರ್ಷಕ್ಕೆ ಬಂದಾಗ ಮನೆಯಲ್ಲಿ ಸುದ್ದಿ ಮುಟ್ಟಿಸಿದೆ. "ಎಕನಾಮಿಕ್ಸ್ ಮೇಜರ್ ತಗೊಂಡಿದ್ದೀನಿ, ಇಂಗ್ಲಿಷ್ ಲಿಟರೇಚರ್ ಮೈನರ್."

ರಾಗಿ ಕೇರುತ್ತಿದ್ದ ಅಜ್ಜಿಯ ಮೊರ ನಿಂತುಹೋಯಿತು. "ಮೈನರಾ?" ಅಂದಳು. ಕೋಲಾರದ ನಮ್ಮಂಥ ಹಳ್ಳಿಗಳಲ್ಲಿ ಅಡುಗೆಮನೆಯವರೆಗೂ ತೆಲುಗು ಓಡಾಡುತ್ತದೆ. ತೆಲುಗಿನ ಮೈನರ್ ಅಂದರೆ ಅಪ್ಪನ ಆಸ್ತಿ ಕರಗಿಸುವ ಶೋಕಿಲಾಲ. ಸಿಲ್ಕ್ ಜುಬ್ಬ, ಕೊರಳಲ್ಲಿ ಚಿನ್ನದ ಚೈನು, ಬೀದಿ ತುಂಬ ಸೆಂಟು. ಅಜ್ಜಿ ನನ್ನ ಸವೆದ ಹವಾಯಿ ಚಪ್ಪಲಿಯತ್ತ ನೋಡಿದಳು, ಗಾಬರಿ ಸ್ವಲ್ಪ ಇಳಿಯಿತು.

ಅಪ್ಪನಿಗೆ ಬೇರೆಯೇ ಅನುಮಾನ. "ಮೈನರ್ ಇರಿಗೇಷನ್ ಇದ್ದಂಗಾ?" ಅದೂ ತಪ್ಪೇನಲ್ಲ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಗೆ 2018ರಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ತಂದದ್ದು ಸಣ್ಣ ನೀರಾವರಿ ಇಲಾಖೆಯೇ. ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗೆ. ಆಮೇಲೆ ಗೊತ್ತಾಯಿತು, ನಮ್ಮ ಇಂಗ್ಲಿಷ್ ನೋಟ್ಸೂ ಹಾಗೇ ಬರುತ್ತದೆ. ಬೆಂಗಳೂರಿನ ಯಾವುದೋ ಕಾಲೇಜಿನವರು ಓದಿ ಮುಗಿಸಿದ್ದು, ಎರಡು ಸಲ ಝೆರಾಕ್ಸ್ ಆಗಿ ನಮ್ಮ ಬೆಂಚಿಗೆ.

2021ರಲ್ಲಿ ಹೊಸ ಶಿಕ್ಷಣ ನೀತಿಯಡಿ ಸೇರಿದ ಬ್ಯಾಚು ನಮ್ಮದು. ಎರಡು ವರ್ಷ ಎರಡು ವಿಷಯಕ್ಕೂ ಸಮಪಾಲು, ಮೂರನೇ ವರ್ಷ ಹಿಸ್ಸೆ. ಮೇಜರ್ ಅನ್ನೋ ಅಣ್ಣನಿಗೆ ನೀರಾವರಿ ಜಮೀನು, ಮೈನರ್ ಅನ್ನೋ ತಮ್ಮನಿಗೆ ಬೆದ್ದಲು. 2024ರಲ್ಲಿ ಸರ್ಕಾರ ಆ ಪದ್ಧತಿಯನ್ನೇ ಕೈಬಿಟ್ಟಿತು. ನಾವು ಮಾತ್ರ ಅಂಕಪಟ್ಟಿಯಲ್ಲಿ ಮೈನರುಗಳಾಗಿಯೇ ಉಳಿದೆವು. ನಮ್ಮ ಮಾಲೂರು ಕಡೆಯ ಮಾಸ್ತಿಯವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕನ್ನಡದಲ್ಲಿ ಬರೆದರು. ಅವರದು ಮೇಜರ್ ಕೇಸು ಬಿಡಿ.

ಮೈನರ್ ಕ್ಲಾಸಿನಲ್ಲಿ ನಾವು ಏಳು ಜನ. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡು, ಹೊಟ್ಟೆಯಲ್ಲಿ ಮುದ್ದೆ, ಕಣ್ಣಲ್ಲಿ ನಿದ್ದೆ. ಮೇಡಂ ಒಂದು ದಿನ ಇಂಗ್ಲಿಷ್ ಕವಿ ಜಾನ್ ಡನ್‌ನ ಚಿಗಟದ ಪದ್ಯ ಶುರು ಮಾಡಿದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಂದು ಚಿಗಟ ಮೊದಲು ಅವನನ್ನು ಕಚ್ಚಿದೆ, ಆಮೇಲೆ ಅವಳನ್ನು. ನೋಡು, ನಮ್ಮಿಬ್ಬರ ರಕ್ತ ಇದರ ಹೊಟ್ಟೆಯಲ್ಲಿ ಆಗಲೇ ಸೇರಿಹೋಗಿದೆ, ಇನ್ನು ನಿನ್ನದೇನು ಹಟ ಅಂತ ಅವನ ವಾದ. ಕೊನೇ ಬೆಂಚು ಕೂಡ ಎಚ್ಚರವಾಯಿತು. ಇಂಥದ್ದು ಬರೆದವನು 1621ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ ಡೀನ್, ಅಂದರೆ ಮುಖ್ಯ ಪಾದ್ರಿ ಆದ ಅಂತ ಮೇಡಂ ಹೇಳಿದಾಗ ನಮಗೆಲ್ಲ ಭವಿಷ್ಯದ ಮೇಲೆ ಭರವಸೆ ಮೂಡಿತು. ಪದ್ಯ ಅಚ್ಚಾದದ್ದು 1633ರಲ್ಲಂತೆ, ಅವನು ತೀರಿಹೋದ ಮೇಲೆ. ಬುದ್ಧಿವಂತ.

ಆ ಝೆರಾಕ್ಸ್ ಹಾಳೆ ಶರ್ಟಿನ ಜೇಬಿನಲ್ಲೇ ಉಳಿದಿತ್ತು. ಮಾರನೇ ದಿನ ಬೆಳಗಿನ ಜಾವ ಅಪ್ಪನ ಜೊತೆ ಕೋಲಾರದ ಎಪಿಎಂಸಿಗೆ ಟೊಮೆಟೊ ತಗೊಂಡು ಹೋದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ನಮ್ಮ ತೋಟದಲ್ಲಿ ಇನ್ನೂ ಹೂವಿತ್ತು. ನಮ್ಮದು ಕೊಯ್ಲಿಗೆ ಬಂದದ್ದು ಸೆಪ್ಟೆಂಬರಿನಲ್ಲಿ, ದರ ನೆಲ ಕಚ್ಚಿದ ಮೇಲೆ. ಹರಾಜು ಕೂಗುವವನು ನಮ್ಮ ಬಾಕ್ಸುಗಳ ಮುಂದೆ ಉಸಿರು ಕೂಡ ತೆಗೆದುಕೊಳ್ಳದೆ ಮುಂದಕ್ಕೆ ಹೋದ. ಅಪ್ಪ ನನ್ನ ಜೇಬಿಗೆ ಕೈಹಾಕಿ ಹಾಳೆ ಎಳೆದು, ಚಿಗಟದ ಬೆನ್ನ ಮೇಲೆ ಲೆಕ್ಕ ಬರೆದ. ನಲವತ್ತೆರಡು ಬಾಕ್ಸು. ಕಮಿಷನ್, ಕೂಲಿ, ಟೆಂಪೋ ಬಾಡಿಗೆ ಕಳೆದ. ಕೆಳಗೆ ಗೆರೆ ಎಳೆದು ಸುಮ್ಮನಾದ. ಉಳಿದದ್ದನ್ನು ಬರೆಯಲಿಲ್ಲ.

ಮಧ್ಯಾಹ್ನ ಕ್ಲಾಸಿನಲ್ಲಿ ಮೇಡಂ "ಕನ್ಸೀಟ್ ಅಂದ್ರೇನು?" ಅಂತ ಕೇಳಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡನ್ನು ಹಟ ಹಿಡಿದು ಗಂಟು ಹಾಕುವುದು. ಉತ್ತರ ಹುಡುಕಲು ಹಾಳೆ ಬಿಡಿಸಿದೆ. ಪದ್ಯದ ಅಕ್ಷರಗಳ ಮೇಲೆ ಟೊಮೆಟೊ ರಸ ಒಣಗಿತ್ತು. ಅಪ್ಪ ಒತ್ತಿ ಬರೆದ ಅಂಕಿಗಳು ಸಾಲುಗಳ ನಡುವೆ ಉಬ್ಬಿ ನಿಂತಿದ್ದವು. ಹೇಗೋ ಉತ್ತರ ಹೇಳಿದೆ, ಮೇಡಂ ಗುಡ್ ಅಂದರು.

ರಾತ್ರಿ ಅಜ್ಜಿಗೆ ಆ ಕತೆ ಹೇಳಿದೆ, ಹೇಳಬಾರದ್ದನ್ನು ನುಂಗಿಕೊಂಡು. ನಾಲ್ಕು ಎಮ್ಮೆ ಸಾಕಿದ ಅಜ್ಜಿಗೆ ಚಿಗಟ ಹೊಸದಲ್ಲ, ಅದರ ಮೇಲೆ ಪದ್ಯ ಹೊಸದು. "ಚಿಗಟದ್ದೂ ಪಾಠ ಮಾಡ್ತಾರಾ ನಿಮ್ ಕಾಲೇಜ್ನಾಗೆ?" ಅಂದಳು. ಆಮೇಲೆ ಮೆಲ್ಲಗೆ, "ಆ ಹುಡುಗಿ ಏನಂದ್ಲು?"

"ಏನೂ ಅನ್ನಲಿಲ್ಲ ಅಜ್ಜಿ. ಚಿಗಟನ ಸಾಯಿಸಿಬಿಟ್ಲು."

"ಹೆಂಗೆ? ಉಗುರಾಗೇ ತಾನೇ?"

ಹಾಳೆ ತೆಗೆದು ನೋಡಿದೆ. ಉಗುರೇ.

"ಮನೆಕೆಲಸ ಬಲ್ಲ ಹುಡುಗಿ" ಅಂದು ಅಜ್ಜಿ ಮಗ್ಗುಲಾದಳು.