ಕೊಂಬು ಕತ್ತರಿಸಿಕೊಂಡವನ ಕತೆಗೆ ಅಷ್ಟೊಂದು ರಕ್ತ ಬೇಕಿರಲಿಲ್ಲ

ಮೊನ್ನೆ ಶನಿವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ 2019ರ 'ಹೆಲ್‌ಬಾಯ್' ಸಿನಿಮಾವನ್ನು ಇನ್ನೊಂದು ಸಲ ನೋಡಿದೆ. ಅದು ಬಿಡುಗಡೆಯಾದ ವಾರವೇ ತಂಗಿಯ ಜೊತೆ ಥಿಯೇಟರಿಗೆ ಹೋಗಿ ನೋಡಿದ್ದೆ. ಆವತ್ತು ವಾಪಸ್ ಬರುವಾಗ ಮೆಟ್ರೋದಲ್ಲಿ ನನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. "ಏನಣ್ಣಾ, ಯಾರನ್ನೋ ಮಣ್ಣು ಮಾಡಿ ಬಂದವರ ಹಾಗೆ ಕೂತಿದ್ದೀಯಲ್ಲ" ಅಂದಿದ್ದಳು. ಸಿಟ್ಟಿನಲ್ಲಿ ಬರೆದರೆ ಅನ್ಯಾಯವಾಗುತ್ತೆ ಅಂತ ಆಗ ಏನೂ ಬರೆಯಲಿಲ್ಲ. ಈಗ ಸಿಟ್ಟು ಇಳಿದಿದೆ, ಬೇಸರ ಮಾತ್ರ ಹಾಗೇ ಇದೆ. ಇವತ್ತು ಬರೆದುಬಿಡುತ್ತೇನೆ. ಉದ್ದ ಆಗುತ್ತೆ, ಓದುವ ತಾಳ್ಮೆ ಇರುವವರು ಓದಿ.

ಹೆಲ್‌ಬಾಯ್ ಯಾರು ಅಂತ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1944ರ ಡಿಸೆಂಬರ್. ಯುದ್ಧ ಕೈತಪ್ಪುತ್ತಿರುವ ಹೊತ್ತಿನಲ್ಲಿ ನಾಜಿಗಳು ರಾಸ್ಪುಟಿನ್‌ನಿಂದ ಮಾಟ ಮಾಡಿಸುತ್ತಾರೆ. ನರಕದಿಂದ ಒಂದು ಮರಿ ರಾಕ್ಷಸ ಬರುತ್ತೆ, ಆದರೆ ಬಂದು ಬೀಳುವುದು ಇಂಗ್ಲೆಂಡಿನ ಒಂದು ಪಾಳು ಚರ್ಚಿನಲ್ಲಿ, ಅಮೆರಿಕದ ಸೈನಿಕರ ಎದುರು. ಕೆಂಪು ಮೈ, ಬಾಲ, ಕಲ್ಲಿನಂಥ ದೊಡ್ಡ ಬಲಗೈ. ಒಬ್ಬ ಪ್ರೊಫೆಸರ್ ಅವನನ್ನು ಮಗನ ಹಾಗೆ ಸಾಕುತ್ತಾರೆ. ಆ ಬಲಗೈ ಇರುವುದೇ ಪ್ರಳಯದ ಬಾಗಿಲು ತೆಗೆಯಲಿಕ್ಕೆ. ಅವನೋ, ತಲೆಯ ಮೇಲಿನ ಕೊಂಬನ್ನು ಬುಡದವರೆಗೆ ಕತ್ತರಿಸಿಕೊಂಡು, ಒಂದು ಹಳೇ ಕೋಟು ಹಾಕಿಕೊಂಡು, ದೆವ್ವ ಪಿಶಾಚಿಗಳಿಂದ ಜನರನ್ನು ಕಾಪಾಡುವ ಕೆಲಸಕ್ಕೆ ಸೇರುತ್ತಾನೆ. ಹುಟ್ಟು ಏನೇ ಇರಲಿ, ಬದುಕು ತಾನು ಆರಿಸಿಕೊಂಡದ್ದು ಅನ್ನುವುದನ್ನು ಅವನು ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ, ಅಷ್ಟೇ.

ಇದನ್ನು ಹುಟ್ಟಿಸಿದ್ದು ಮೈಕ್ ಮಿನ್ಯೋಲಾ. ಮೊದಲ ಕಾಮಿಕ್ಸ್ ಸರಣಿ 1994ರಲ್ಲಿ ಡಾರ್ಕ್ ಹಾರ್ಸ್ ಪ್ರಕಾಶನದಿಂದ ಬಂತು. ಅವರ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಪುಟದಲ್ಲಿ ಅರ್ಧಕ್ಕರ್ಧ ಬರೀ ಕಪ್ಪು. ಗೋಡೆಯ ಮೇಲೊಂದು ಮುರಿದ ಪ್ರತಿಮೆ, ಪಕ್ಕದ ಚೌಕದಲ್ಲಿ ಒಂದು ಕಪ್ಪೆ, ಆಮೇಲೆ ಯಾರದೋ ಕೈ. ಮಾತೇ ಇರುವುದಿಲ್ಲ. ಏನೋ ಬರುತ್ತಿದೆ ಅಂತ ಎದೆ ಹೊಡೆದುಕೊಳ್ಳುತ್ತೆ, ಬಂದದ್ದು ಮಾತ್ರ ಪೂರ್ತಿ ಕಾಣಿಸುವುದಿಲ್ಲ.

ನನಗೆ ಅವನು ಸಿಕ್ಕಿದ್ದು ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಪುಸ್ತಕಗಳ ರಾಶಿಯಲ್ಲಿ, ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ. ಸುಮ್ಮನೆ ತೆರೆದ ಪುಟದಲ್ಲಿ ಹೆಲ್‌ಬಾಯ್ ರಾತ್ರಿ ಹೊತ್ತು ಬೆನ್ನ ಮೇಲೆ ಹೆಣ ಹೊತ್ತುಕೊಂಡು ನಡೆಯುತ್ತಿದ್ದ. ಆ ಹೆಣ ಮಾತಾಡುತ್ತಿತ್ತು! ಅಲ್ಲೇ ನಿಂತುಬಿಟ್ಟೆ. ಚಂದಮಾಮ ಓದಿ ಬೆಳೆದ ಯಾರೇ ಆದರೂ ನಿಲ್ಲಲೇಬೇಕು. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಶಂಕರ್ ಅವರು ಬರೆಯುತ್ತಿದ್ದ ಆ ವಿಕ್ರಮನ ಚಿತ್ರ ನಮ್ಮ ಕಣ್ಣೊಳಗೇ ಅಚ್ಚಾಗಿದೆಯಲ್ಲ. ಇದು ಐರ್ಲೆಂಡಿನ ಹಳೇ ಜನಪದ ಕತೆ ಅಂತ ಆಮೇಲೆ ತಿಳಿಯಿತು. ಕತೆಯ ಹೆಸರು 'ದ ಕಾರ್ಪ್ಸ್'. ಒಂದು ಹಸುಗೂಸನ್ನು ಯಕ್ಷಿಣಿ ಜನ ಕದ್ದಿದ್ದಾರೆ, ತೊಟ್ಟಿಲಲ್ಲಿ ಬೇರೆ ಏನನ್ನೋ ಮಲಗಿಸಿದ್ದಾರೆ. ಕಬ್ಬಿಣ ಸೋಕಿಸಿ ಆ ಕಳ್ಳ ಕೂಸಿನ ಗುಟ್ಟನ್ನು ಹೆಲ್‌ಬಾಯ್ ಹೊರಗೆಳೆಯುತ್ತಾನೆ. ಮಗು ವಾಪಸ್ ಬೇಕಾದರೆ ಬೆಳಗಾಗುವುದರೊಳಗೆ ಈ ಹೆಣವನ್ನು ಪವಿತ್ರ ಮಣ್ಣಿನಲ್ಲಿ ಹೂಳಬೇಕು ಅಂತ ಷರತ್ತು. ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆದಾಟ. ಹೋದಲ್ಲೆಲ್ಲ ಒಳಗಿನ ಸತ್ತವರೇ ಜಾಗ ಇಲ್ಲ ಅನ್ನುತ್ತಾರೆ. ಅವನು ಗೊಣಗುತ್ತಾನೆ, ಮುಂದೆ ನಡೆಯುತ್ತಾನೆ. ಯಾರದೋ ಮಗುವಿಗಾಗಿ.

ಆ ತೊಟ್ಟಿಲಿನ ಕಳ್ಳ ಕೂಸಿನ ಹೆಸರು ಗ್ರೂಅಗಾಕ್. ಮಗುವಿನ ಹೆಸರು ಆಲಿಸ್. ಎರಡೂ ಹೆಸರು ನೆನಪಿಟ್ಟುಕೊಳ್ಳಿ.

2004ರಲ್ಲಿ ಗಿಯೆರ್ಮೊ ದೆಲ್ ತೊರೊ ಮೊದಲ ಸಿನಿಮಾ ಮಾಡಿದರು, 2008ರಲ್ಲಿ ಎರಡನೆಯದು. ಕಾಮಿಕ್ಸ್ ಅಭಿಮಾನಿಗಳಲ್ಲಿ ಕೆಲವರು ಆಗಲೂ ತಕರಾರು ತೆಗೆದಿದ್ದರು, ಅವರ ಮಾತು ಸುಳ್ಳೂ ಅಲ್ಲ. ಪುಸ್ತಕದಲ್ಲಿ ಹೆಲ್‌ಬಾಯ್‌ಗೂ ಅವನ ಜೊತೆ ಕೆಲಸ ಮಾಡುವ ಲಿಜ್‌ಗೂ ಪ್ರೇಮ ಇಲ್ಲ, ಸಿನಿಮಾದಲ್ಲಿ ಅದೇ ಕತೆಯ ಬೆನ್ನೆಲುಬು. ಪುಸ್ತಕದಲ್ಲಿ ಅವನು ಊರೆಲ್ಲ ರಾಜಾರೋಷವಾಗಿ ಓಡಾಡುತ್ತಾನೆ, ಸಿನಿಮಾದಲ್ಲಿ ಸರಕಾರ ಅವನನ್ನು ಬಚ್ಚಿಟ್ಟಿರುತ್ತೆ. ಹಾಗಿದ್ದೂ ಆ ಎರಡು ಸಿನಿಮಾಗಳಲ್ಲಿ ನನಗೆ ನನ್ನ ಹೆಲ್‌ಬಾಯ್ ಕಂಡ. ಮೊದಲನೆಯದರಲ್ಲಿ ಒಂದು ದೃಶ್ಯ ಇದೆ. ಪ್ರೀತಿಸಿದವಳು ಇನ್ನೊಬ್ಬನ ಜೊತೆ ಕಾಫಿ ಕುಡಿಯುತ್ತಿದ್ದಾಳೆ, ಇವನು ತಾರಸಿಯ ಮೇಲೆ ಕೂತು ಹೊಟ್ಟೆ ಉರಿದುಕೊಂಡು ನೋಡುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಬಿಸ್ಕತ್ತು, ಹಾಲು ತಂದು ಕೊಡುತ್ತಾನೆ. ಎರಡನೆಯದರಲ್ಲಿ ನಗರದ ನಡುವೆ ಎದ್ದ ಕಾಡಿನ ದೈತ್ಯನನ್ನು ಅವನು ಕೊಲ್ಲಲೇಬೇಕಾಗುತ್ತೆ, ಅದು ತನ್ನ ಕುಲದ ಕೊನೆಯದು. ಅದು ಸತ್ತ ಜಾಗದಲ್ಲಿ ರಸ್ತೆ ತುಂಬ ಹಸಿರು ಹಬ್ಬಿ ಹೂ ಅರಳುತ್ತೆ. ಅಷ್ಟು ಹೊತ್ತೂ ಅವನ ತೋಳಲ್ಲಿ ಒಂದು ಮಗು ಇರುತ್ತೆ. ಗೆದ್ದವನ ಮುಖದಲ್ಲಿ ಗೆಲುವಿಲ್ಲ.

ಅವನ ಪಾತ್ರ ಮಾಡಿದ ರಾನ್ ಪರ್ಲ್‌ಮನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಟುಡಿಯೋಗಳಿಗೆ ದೊಡ್ಡ ಹೆಸರಿನ ನಟ ಬೇಕಿತ್ತು, ದೆಲ್ ತೊರೊ ವರ್ಷಗಟ್ಟಲೆ ಪಟ್ಟು ಹಿಡಿದು ಇವರನ್ನೇ ತಂದರು. ಆ ಮೇಕಪ್‌ಗೆ ನಾಲ್ಕು ಗಂಟೆ ಬೇಕು. 2012ರಲ್ಲಿ, ಎರಡನೇ ಸಿನಿಮಾ ಬಂದು ನಾಲ್ಕು ವರ್ಷ ಆದ ಮೇಲೆ, ರಕ್ತದ ಕ್ಯಾನ್ಸರ್ ಇದ್ದ ಆರು ವರ್ಷದ ಒಬ್ಬ ಹುಡುಗನಿಗೆ ಹೆಲ್‌ಬಾಯ್‌ನನ್ನು ನೋಡಬೇಕು ಅನ್ನುವ ಆಸೆ ಇತ್ತು. ಪರ್ಲ್‌ಮನ್ ಆ ಒಂದು ಮಗುವಿಗಾಗಿ ಮತ್ತೆ ಪೂರ್ತಿ ಮೇಕಪ್ ಹಾಕಿಸಿಕೊಂಡು ಹೋಗಿ ಕೂತರು. ಹುಡುಗನಿಗೂ ಕೆಂಪು ಬಣ್ಣ ಹಚ್ಚಿ ಪುಟ್ಟ ಹೆಲ್‌ಬಾಯ್ ಮಾಡಿದರು. ಆ ಫೋಟೋ ನನ್ನ ಮೊಬೈಲ್‌ನಲ್ಲಿ ಇನ್ನೂ ಇದೆ.

ಮೂರನೇ ಭಾಗಕ್ಕೆ ನಾವು ಕಾದೆವು, ಒಂಬತ್ತು ವರ್ಷ. 2017ರ ಫೆಬ್ರವರಿಯಲ್ಲಿ ಅದು ಖಂಡಿತ ಆಗುವುದಿಲ್ಲ ಅಂತ ದೆಲ್ ತೊರೊ ಅವರೇ ಹೇಳಿದರು. ಅದೇ ವರ್ಷ ಮೇ ತಿಂಗಳಲ್ಲಿ ಹೊಸದಾಗಿ ಮೊದಲಿನಿಂದ ಶುರು ಮಾಡುವ ಸುದ್ದಿ ಬಂತು. ನಿರ್ದೇಶಕ ನೀಲ್ ಮಾರ್ಷಲ್, ನಾಯಕ ಡೇವಿಡ್ ಹಾರ್ಬರ್. ಈ ಸಲ ದೊಡ್ಡವರಿಗಷ್ಟೇ ಇರುವ ಸಿನಿಮಾ, ಕಾಮಿಕ್ಸ್‌ಗೆ ಹೆಚ್ಚು ಹತ್ತಿರ ಅಂತ ಪ್ರಚಾರ. ನಿಜ ಹೇಳ್ತೀನಿ, ನಾನು ಖುಷಿಪಟ್ಟಿದ್ದೆ. ಮಾರ್ಷಲ್ ಅವರ ಹಳೇ ಹಾರರ್ ಸಿನಿಮಾಗಳಲ್ಲಿ ಕತ್ತಲನ್ನು ಬಳಸಿದ ರೀತಿ ನೋಡಿದ್ದವನು ನಾನು.

ಹತ್ತಿರ ಅಂದದ್ದೇನೋ ಸುಳ್ಳಲ್ಲ. ಹೆಸರು ಎಣಿಸಿದರೆ ಎಲ್ಲವೂ ಪುಸ್ತಕದ್ದೇ. ಗ್ರೂಅಗಾಕ್ ಇದ್ದಾನೆ, ದೊಡ್ಡವಳಾದ ಆಲಿಸ್ ಇದ್ದಾಳೆ, ರಕ್ತದ ರಾಣಿ ನಿಮ್ಯೂ ಇದ್ದಾಳೆ, ರಷ್ಯದ ಜನಪದ ಕತೆಗಳ ಮಾಟಗಾತಿ ಬಾಬಾ ಯಾಗಾ ಇದ್ದಾಳೆ, ಇಂಗ್ಲೆಂಡಿನ ದೈತ್ಯರ ಬೇಟೆ ಇದೆ, ಆರ್ಥರ್ ರಾಜನ ಕತ್ತಿ ಇದೆ. ಮಿನ್ಯೋಲಾ ಬರೆದು ಡಂಕನ್ ಫೆಗ್ರೆಡೊ ಚಿತ್ರ ಬಿಡಿಸಿದ ಮೂರು ಪುಸ್ತಕ, 2007ರಿಂದ 2011ರವರೆಗೆ ಬಂದದ್ದು, ಎಲ್ಲವನ್ನೂ ಎರಡು ಗಂಟೆಯಲ್ಲಿ ತುರುಕಿದ್ದಾರೆ. ನಾವು ನಾಲ್ಕು ವರ್ಷ ಕಾದು ಕಾದು ಓದಿದ ದುಃಖ ಅದು. ಕೊನೆಗೆ ಹೆಲ್‌ಬಾಯ್ ಸಾಯುತ್ತಾನೆ ಅದರಲ್ಲಿ. ಅಷ್ಟು ದೂರ ಅವನ ಜೊತೆ ನಡೆದಿದ್ದಕ್ಕೇ ಆ ಸಾವಿಗೆ ತೂಕ ಬಂದದ್ದು.

ಸಿನಿಮಾದಲ್ಲಿ ಗ್ರೂಅಗಾಕ್‌ನ ಹಳೇ ಕತೆ ಒಂದೆರಡು ನಿಮಿಷದ ಫ್ಲ್ಯಾಶ್‌ಬ್ಯಾಕ್. ಬೆನ್ನ ಮೇಲಿನ ಹೆಣವೂ ಇಲ್ಲ, ಜಾಗ ಕೊಡದ ಸ್ಮಶಾನಗಳೂ ಇಲ್ಲ. ಪುಸ್ತಕದಲ್ಲಿ ಅಷ್ಟು ದೊಡ್ಡ ಕೇಡಿನ ಬೇರು ಇರುವುದು ಒಬ್ಬ ಸಣ್ಣವನಿಗೆ ಆದ ಅವಮಾನದಲ್ಲಿ. ಅದನ್ನು ಕಿತ್ತುಹಾಕಿದರೆ ಉಳಿಯುವುದು ಬೈಗುಳ ಉದುರಿಸುವ ಒಂದು ಹಂದಿಮುಖ.

ದೈತ್ಯರ ಬೇಟೆಯ ದೃಶ್ಯವನ್ನು ಮೊನ್ನೆ ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಒಂದೇ ಶಾಟ್ ಅನ್ನುವ ಹಾಗೆ ಕ್ಯಾಮೆರಾ ಸುತ್ತುತ್ತೆ, ಹಿಂದೆ ಅಬ್ಬರದ ಸಂಗೀತ, ಕಣ್ಣು ಕೀಳುವುದು, ದವಡೆ ಸೀಳುವುದು. ಕೆಲಸ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಪುಸ್ತಕದಲ್ಲಿ ಈ ಹೊಡೆದಾಟ ಯಾಕಿದೆ ಗೊತ್ತಾ? ಅದು ಮುಗಿದ ಮೇಲಿನ ಪುಟಗಳಿಗಾಗಿ. ಹೊಡೆಯುತ್ತಾ ಹೊಡೆಯುತ್ತಾ ಅವನು ಮೈಮರೆಯುತ್ತಾನೆ, ತನ್ನೊಳಗಿನ ನರಕ ತಲೆ ಎತ್ತಿದ್ದು ಅವನ ಅನುಭವಕ್ಕೆ ಬರುತ್ತೆ, ಆಮೇಲೆ ತನ್ನನ್ನು ಕಂಡು ತಾನೇ ಹೆದರುತ್ತಾನೆ. ಕೊಂಬು ಕತ್ತರಿಸಿಕೊಂಡವನಿಗೆ ಕೊಂಬು ಮತ್ತೆ ಚಿಗುರುತ್ತೇನೋ ಅನ್ನುವ ಭಯ ಅದು. ಸಿನಿಮಾ ಆ ಹೊಡೆದಾಟವನ್ನು ಇಟ್ಟುಕೊಂಡು ಭಯವನ್ನು ಬಿಟ್ಟುಬಿಟ್ಟಿದೆ.

ಒಂದೇ ಒಂದು ಜಾಗದಲ್ಲಿ ಮೈ ಜುಮ್ಮೆಂದಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಬಾಬಾ ಯಾಗಾಳ ಮನೆ. ಕೋಳಿಕಾಲಿನ ಮೇಲೆ ನಿಂತ ಮನೆ, ಒಳಗೆ ಮಬ್ಬು ಬೆಳಕು, ಹಿಂದುಮುಂದಾಗಿ ಮೈ ಮಡಚಿಕೊಂಡು ಜೇಡದ ಹಾಗೆ ಬರುವ ಒಕ್ಕಣ್ಣಿನ ಮುದುಕಿ. ಆ ಮೈ ಟ್ರಾಯ್ ಜೇಮ್ಸ್ ಅನ್ನುವ ಕಲಾವಿದರದು, ಹಾಗೆ ಮೈ ಬಾಗಿಸುವ ವಿದ್ಯೆ ನಿಜಕ್ಕೂ ಅವರಿಗಿದೆ. ಮುದುಕಿ ಊಟಕ್ಕೆ ಕೂರಿಸುತ್ತಾಳೆ, ಕಳೆದುಹೋದ ತನ್ನ ಕಣ್ಣಿನ ಲೆಕ್ಕ ಕೇಳುತ್ತಾಳೆ. ಅಜ್ಜಿ ಕತೆಗಳಲ್ಲಿ ಇರುತ್ತಲ್ಲ ಆ ಹೆದರಿಕೆ, ಪಕ್ಕದಲ್ಲೇ ಕೂತು ಅನ್ನ ಬಡಿಸುವ ಹೆದರಿಕೆ, ಅದು ಇಲ್ಲಿ ಸಿಗುತ್ತೆ. ಇಡೀ ಸಿನಿಮಾ ಹೀಗೆ ಇರಬಹುದಿತ್ತು!

ನಾನು ಪುತ್ತೂರು ಕಡೆಯವನು, ಚಿಕ್ಕಂದಿನಲ್ಲಿ ಯಕ್ಷಗಾನ ನೋಡಲು ಅಪ್ಪನ ಜೊತೆ ಹೋಗುತ್ತಿದ್ದೆ. ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ಬರುತ್ತೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡಲು ವೇಷಧಾರಿಗಳು ಗಂಟೆಗಟ್ಟಲೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕೂತಿರುತ್ತಾರೆ. ಅಷ್ಟು ಕಷ್ಟಪಟ್ಟು ಬರೆದ ಮುಖವನ್ನು ಬಂದ ಕೂಡಲೇ ತೋರಿಸುವುದಿಲ್ಲ. ಮೊದಲು ದೂರದಿಂದ ಅಬ್ಬರ ಮಾತ್ರ. ಆಮೇಲೆ ಇಬ್ಬರು ತೆರೆ ಹಿಡಿಯುತ್ತಾರೆ, ಹಿಂದಿನಿಂದ ಕಿರೀಟದ ತುದಿ ಕಾಣುತ್ತೆ. ಚೆಂಡೆ ಏರುತ್ತಾ ಹೋಗುತ್ತೆ. ನಾನು ಅಪ್ಪನ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಸಂದಿಯಲ್ಲಿ ನೋಡುತ್ತಿದ್ದೆ. ತೆರೆ ಜಾರುವ ಹೊತ್ತಿಗೆ ರಾಕ್ಷಸ ನನ್ನ ತಲೆಯೊಳಗೆ ರಂಗಸ್ಥಳಕ್ಕಿಂತ ದೊಡ್ಡದಾಗಿ ಬೆಳೆದಿರುತ್ತಿದ್ದ. ಮಿನ್ಯೋಲಾ ಅವರ ಕಪ್ಪು ಬಣ್ಣ ಮಾಡುವುದು ಈ ತೆರೆಯ ಕೆಲಸವನ್ನೇ. 2019ರ ಸಿನಿಮಾದ ಕೊನೆಯಲ್ಲಿ ಲಂಡನ್ ಬೀದಿಗೆ ನರಕದ ಪ್ರಾಣಿಗಳು ಬಂದು ಜನರನ್ನು ಚಿಂದಿ ಮಾಡುತ್ತವೆ, ಕಂಪ್ಯೂಟರಿನಲ್ಲಿ ಮಾಡಿದ್ದು, ಒಂದೊಂದೂ ತಲೆಯಿಂದ ಕಾಲಿನವರೆಗೆ ಸ್ಪಷ್ಟ. ನನಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲ. ತಂಗಿ ಪಕ್ಕದಲ್ಲಿ ಆಕಳಿಸಿದಳು.

ಡೇವಿಡ್ ಹಾರ್ಬರ್ ಅವರನ್ನು ಬೈಯಬೇಡಿ. ಅಷ್ಟು ದಪ್ಪ ಮೇಕಪ್ಪಿನ ಒಳಗಿಂದಲೂ ಅವರ ಕಣ್ಣಲ್ಲಿ ಅಪ್ಪನ ಮೇಲಿನ ಸಿಟ್ಟು ಕಾಣುತ್ತೆ. ಆ ಸಾಕಪ್ಪನ ಪಾತ್ರ ಮಾಡಿದ ಇಯಾನ್ ಮೆಕ್‌ಶೇನ್ ಜೊತೆ ಅವರಿಗೆ ಇನ್ನೊಂದು ಹತ್ತು ನಿಮಿಷ ಸುಮ್ಮನೆ ಮಾತಾಡಲು ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಪ್ರತಿ ಸಲ ಮಾತು ಎಲ್ಲಿಗೋ ಮುಟ್ಟುತ್ತೆ ಅನ್ನುವಾಗ ಒಂದು ರಾಕ್ ಹಾಡು, ಇಲ್ಲವೇ ಒಂದು ತಲೆ ಉರುಳುವುದು. 50 ಮಿಲಿಯನ್ ಡಾಲರ್ ಹಾಕಿದ ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಮುಂದಿನ ಭಾಗಕ್ಕೆ ಅಂತ ಕೊನೆಯಲ್ಲಿ ಬಿಟ್ಟಿದ್ದ ಎಳೆಗಳು ಹಾಗೇ ನೇತಾಡುತ್ತಾ ಉಳಿದವು.

2024ರಲ್ಲಿ ಮತ್ತೊಂದು ಬಂತು, 'ದ ಕ್ರೂಕೆಡ್ ಮ್ಯಾನ್'. ಬ್ರಯಾನ್ ಟೇಲರ್ ನಿರ್ದೇಶನ, ಜ್ಯಾಕ್ ಕೇಸಿ ನಾಯಕ, ಚಿತ್ರಕತೆಯಲ್ಲಿ ಸ್ವತಃ ಮಿನ್ಯೋಲಾ ಕೈ ಇದೆ. ಅಮೆರಿಕದಲ್ಲಿ ಅದು ಥಿಯೇಟರಿಗೇ ಬರಲಿಲ್ಲ, ನೇರ ಆನ್‌ಲೈನ್. ದುಡ್ಡಿಲ್ಲದ್ದು ಅಲ್ಲಲ್ಲಿ ಕಣ್ಣಿಗೆ ಹೊಡೆಯುತ್ತೆ. ಆದರೆ ಅದರಲ್ಲಿ 1959ರ ಅಪಲಾಚಿಯಾ ಗುಡ್ಡಗಾಡಿನಲ್ಲಿ ಒಬ್ಬ ಮನುಷ್ಯ ಎಷ್ಟೋ ವರ್ಷದ ಮೇಲೆ ಊರಿಗೆ ಬಂದು, ಹುಡುಗಾಟದಲ್ಲಿ ಸೈತಾನನ ಜೊತೆ ಮಾಡಿಕೊಂಡ ಒಪ್ಪಂದದ ಕತೆ ಹೇಳುತ್ತಾನೆ. ಹೆಲ್‌ಬಾಯ್ ಸುಮ್ಮನೆ ಕೂತು ಕೇಳುತ್ತಾನೆ. ನಾಯಕ ಬೇರೆಯವನ ಕತೆಗೆ ಕಿವಿಯಾಗುವುದನ್ನು ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಉಳಿದ ಕೊರತೆಗಳನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಈ ಸಿನಿಮಾಕ್ಕೆ 2019ರದ್ದರ ಅರ್ಧ ದುಡ್ಡಾದರೂ ಧಾರಾಳವಾಗಿ ಸಿಗಬೇಕಿತ್ತು.

ತಂಗಿ ಮೊನ್ನೆ ಫೋನಿನಲ್ಲಿ ಕೇಳಿದಳು, "ಹಾಗಾದ್ರೆ ನಿಂಗೆ ಯಾವ ಥರ ಸಿನಿಮಾ ಬೇಕಣ್ಣಾ?" ನಾನು ಅವಳಿಗೆ ಎರಡೇ ಎರಡು ಪುಟದ ಕತೆಯ ಫೋಟೋ ತೆಗೆದು ಕಳಿಸಿದೆ. 'ಪ್ಯಾನ್‌ಕೇಕ್ಸ್', 1999ರದ್ದು. 1947ರಲ್ಲಿ ಪುಟ್ಟ ಹೆಲ್‌ಬಾಯ್ ಬೆಳಗಿನ ತಿಂಡಿಗೆ ಕೂತಿದ್ದಾನೆ. ತಟ್ಟೆಯಲ್ಲಿ ಇರುವುದನ್ನು ತಿಂದೇ ಗೊತ್ತಿಲ್ಲ, ಆದರೂ ಬೇಡ ಅಂತ ಹಟ. ಒಂದು ತುತ್ತು ಬಾಯಿಗೆ ಹಾಕುತ್ತಾನೆ. ರುಚಿ ಹತ್ತುತ್ತೆ. ಆ ಕ್ಷಣ ಪಾತಾಳದಲ್ಲಿ ನರಕದ ದೊರೆಗಳೆಲ್ಲ ಎದೆ ಬಡಿದುಕೊಂಡು ಅಳುತ್ತಾರೆ, ಇನ್ನು ಇವನು ನಮ್ಮ ಕಡೆಗೆ ಯಾವತ್ತೂ ಬರುವುದಿಲ್ಲ ಅಂತ.

ಸ್ವಲ್ಪ ಹೊತ್ತು ಬಿಟ್ಟು ಅವಳಿಂದ ಉತ್ತರ ಬಂತು: "ಪುಸ್ತಕ ಕೊಡು, ಮಗಳಿಗೆ ಓದಿಸ್ತೀನಿ."

ಆ ಸಂಪುಟ ಈಗ ಮೈಸೂರಿಗೆ ಹೋಗಿದೆ. 'ದ ಕಾರ್ಪ್ಸ್' ಇರುವ ಮೂರನೇ ಸಂಪುಟ ನನ್ನ ಹತ್ತಿರವೇ ಇದೆ. ಬೈಂಡಿಂಗ್ ಬಿಟ್ಟಿದೆ, ಹೆಣ ಹೊತ್ತು ನಡೆಯುವ ಪುಟಗಳು ಸಡಿಲವಾಗಿವೆ, ಹುಷಾರಾಗಿ ತಿರುಗಿಸಬೇಕು. ಬೆಂಗಳೂರಿನಲ್ಲಿ ಇರುವವರು ಯಾರಿಗಾದರೂ ಓದಬೇಕು ಅನ್ನಿಸಿದರೆ ಕೆಳಗೆ ಹೇಳಿ, ಭಾನುವಾರ ತಂದುಕೊಡುತ್ತೇನೆ.