ಫೀಸು ಆಗಸ್ಟಿಗೆ, ಅಡಿಕೆ ದುಡ್ಡು ಜನವರಿಗೆ

ಸಣ್ಣ ಖಾಸಗಿ ವಿಶ್ವವಿದ್ಯಾಲಯ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಗಾಜಿನ ಕಟ್ಟಡ ನೋಡಿ ಅಲ್ಲೇ ಅಡ್ವಾನ್ಸ್ ಕಟ್ಟಿ ಬರುವವರೂ ಇದ್ದಾರೆ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಅಪ್ಪ-ಅಮ್ಮಂದಿರು ಎರಡೂ ಮಾಡಬೇಕಿಲ್ಲ.

ಕ್ಲಾಸಿನಲ್ಲಿ ಇಪ್ಪತ್ತೈದೇ ಮಕ್ಕಳಿದ್ದರೆ ಮೇಷ್ಟ್ರಿಗೆ ಎಲ್ಲರ ಹೆಸರೂ ಗೊತ್ತಿರುತ್ತದೆ. ಹಳ್ಳಿಯಿಂದ ಹೋದ, ಇಂಗ್ಲಿಷಿಗೆ ಅಂಜುವ ಹುಡುಗನಿಗೆ ಇದು ದೊಡ್ಡ ಆಸರೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ: ಆರೇ ಜನ ಆರಿಸಿಕೊಂಡ ಇಲೆಕ್ಟಿವ್ (ಐಚ್ಛಿಕ ವಿಷಯ) ನಡೆಸುವುದಿಲ್ಲ, ಸೆಮಿಸ್ಟರ್ ನಡುವೆ ಒಬ್ಬ ಲೆಕ್ಚರರ್ ಕೆಲಸ ಬಿಟ್ಟರೆ ಆ ಪೇಪರಿಗೆ ಬೇರೆ ಜನ ಇರುವುದಿಲ್ಲ. ಹಾಗಾಗಿ ಬ್ರೋಷರ್ ಓದುವ ಬದಲು ಕೊನೆಯ ವರ್ಷದ ಟೈಮ್‌ಟೇಬಲ್ ಕೇಳಿ. ಓಪನ್ ಡೇ ಬಿಟ್ಟು ಒಂದು ಬುಧವಾರ ಹನ್ನೊಂದು ಗಂಟೆಗೆ ಹೋಗಿ. ಲ್ಯಾಬಿಗೆ ಬೀಗ ಇದೆಯೋ, ಒಂದೇ ಹೆಸರು ಮೂರು ವಿಭಾಗದ ಬೋರ್ಡಿನಲ್ಲಿದೆಯೋ ನೋಡಿ.

ಬರೀ ಬಿಎ, ಬಿಕಾಂ ಓದಲು ಖಾಸಗಿಯ ಈ ಖರ್ಚು ಯಾಕೋ ನನಗೆ ಅರ್ಥವಾಗುವುದಿಲ್ಲ. ಶಂಕರಘಟ್ಟದ ಕುವೆಂಪು ವಿ.ವಿ. ಅಡಿಯ ಕಾಲೇಜುಗಳು ಮನೆ ಹತ್ತಿರವೇ ಇವೆಯಲ್ಲ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ಹೆಸರಿದ್ದರೆ ಪದವಿ ಕೊಡುವ ಅಧಿಕಾರ ಇದೆ ಅಂತ, ಅಷ್ಟೇ. ಸಂಸ್ಥೆಯ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಮಾನ್ಯತೆ ಬೇರೆ. ಆರು ವರ್ಷ ತುಂಬಿರಬೇಕು, ಇಲ್ಲವೇ ಎರಡು ಬ್ಯಾಚ್ ಹೊರಬಂದಿರಬೇಕು, ಆಮೇಲೆ ಅರ್ಜಿ. ಹೊಸ ಸಂಸ್ಥೆಗೆ ನ್ಯಾಕ್ ಇಲ್ಲದಿರುವುದು ತಪ್ಪಲ್ಲ. ಆದರೆ ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಮನೆಯವರಿಗೆ ಕೇಂದ್ರ ಕೊಡುವ ಶಿಕ್ಷಣ ಸಾಲದ ಬಡ್ಡಿ ಸಹಾಯಧನ ಅಲ್ಲಿ ಕೈತಪ್ಪಬಹುದು. ಸೀಟು ಹಿಡಿಯುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಮಲೆನಾಡಿನವರಿಗೆ ನಿಜವಾದ ಇಕ್ಕಟ್ಟು ಕ್ಯಾಲೆಂಡರಿನದು. ಫೀಸು ಕೇಳುವುದು ಜುಲೈ, ಆಗಸ್ಟಿನಲ್ಲಿ. ಆಗ ಜಡಿಮಳೆ, ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸುವ ಖರ್ಚು. ಅಡಿಕೆ ಕೊನೆ ತೆಗೆದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕೈ ಸೇರುವ ಹೊತ್ತಿಗೆ ಜನವರಿ. ಸಣ್ಣ ಸಂಸ್ಥೆಯಲ್ಲಿ ರಿಜಿಸ್ಟ್ರಾರ್ ಎದುರು ಕೂತು ಎರಡು ಕಂತು ಮಾಡಿಸಿಕೊಳ್ಳಬಹುದು, ಎರಡನೆಯದು ಫೆಬ್ರವರಿಗೆ. ಬಾಯಿಮಾತು ಸಾಲದು, ಸಹಿ-ಸೀಲು ಇರುವ ಪತ್ರ ಬೇಕು. ಅಕೌಂಟ್ಸಿನವರು ಬದಲಾದರೆ ಡಿಸೆಂಬರಿನಲ್ಲಿ ಹಾಲ್ ಟಿಕೆಟ್ ತಡೆದು ಕೂರಿಸುತ್ತಾರೆ.

ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ 4 ಲಕ್ಷದವರೆಗೆ ಆಸ್ತಿ ಅಡವು ಬೇಡ. ಆದರೆ ಬ್ಯಾಂಕು ದುಡ್ಡು ಕೊಡುವುದು ರಸೀದಿ ಇರುವ ಬಾಬ್ತಿಗೆ ಮಾತ್ರ. ‘ಡೆವಲಪ್‌ಮೆಂಟ್’ ಅಂತ ನಗದಾಗಿ ಕೇಳಿದ್ದು ಪೂರಾ ನಿಮ್ಮ ಜೇಬಿನದು.

ಕೆಸಿಇಟಿಯಲ್ಲಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಆಮೇಲೆ ಒಳ್ಳೆಯ ಸೀಟು ಸಿಕ್ಕರೆ? 2018ರ ಯುಜಿಸಿ ನಿಯಮದ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಫೀಸು ವಾಪಸ್, ಪ್ರೊಸೆಸಿಂಗ್ ಅಂತ ಹೆಚ್ಚೆಂದರೆ 5,000 ಮುರಿದುಕೊಳ್ಳಬಹುದು. ಆಮೇಲೆ 90, 80, 50 ಶೇಕಡ ಅಂತ ಇಳಿಯುತ್ತದೆ. ಕೊನೆಯ ದಿನ ಕಳೆದು ತಿಂಗಳಾದರೆ ಸೊನ್ನೆ. ಬಿಡುವ ಅರ್ಜಿಯನ್ನು ಇಮೇಲ್ ಮಾಡಿ, ತಾರೀಖು ಉಳಿಯುತ್ತದೆ. ಮೂಲ ಅಂಕಪಟ್ಟಿ ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕೆಂಬುದೂ ಅದೇ ನಿಯಮ. ‘ನಮ್ಮಲ್ಲೇ ಇರಲಿ ಬಿಡಿ’ ಅಂದರೆ ಜೆರಾಕ್ಸ್ ಕೊಟ್ಟು, ಮೂಲಪ್ರತಿ ಚೀಲಕ್ಕೆ ಹಾಕಿಕೊಂಡು ಬನ್ನಿ.